ನೂರ ತೊಂಬತ್ತೊಂದು ಸಾಲು

ಬೆಳಿಗ್ಗೆ ಎಂಟೂವರೆಗೇ ಬಂದು ಕುರ್ಚಿ ಎಳೆದು ಕೂತವನಿಗೆ ಪರದೆಯ ಮೇಲಿನ ಒಂದು ಸಾಲಿನಿಂದ ಕಣ್ಣು ಕೀಳಲು ಆಗಲಿಲ್ಲ. ಶನಿವಾರ, ಮಧ್ಯಾಹ್ನ ಒಂದು ಮೂವತ್ತನಾಲ್ಕು. ಅದರ ಮುಂದೆ ಐದು ಕಾವುಪೆಟ್ಟಿಗೆಗಳ ಐದು ಅಂಕಿಗಳು, ಎಲ್ಲ ಮೂವತ್ತೇಳರ ಆಸುಪಾಸು, ಸ್ನಾನ ಮಾಡಿಸಿ ತಲೆ ಬಾಚಿದ ಮಕ್ಕಳ ಹಾಗೆ ಒಂದರ ಪಕ್ಕ ಒಂದು ಸುಮ್ಮನೆ ನಿಂತಿದ್ದವು. ಅದರ ಕೆಳಗಿನ ಸಾಲು ನಾಲ್ಕು ನಲವತ್ತಾರರದು. ನಡುವಿನ ಮೂರು ಗಂಟೆ ಅಲ್ಲಿರಲಿಲ್ಲ. ಇಲ್ಲದ್ದಕ್ಕೆ ಗುರುತಾಗಿ ಒಂದು ಖಾಲಿ ಜಾಗವಾದರೂ ಇರಬೇಕಿತ್ತು ಎನ್ನಿಸಿತು ಅವನಿಗೆ. ಹಲ್ಲು ಕಿತ್ತರೆ ಕುಳಿಯಾದರೂ ಉಳಿಯುತ್ತದೆ. ಇಲ್ಲಿ ಎರಡು ಸಾಲುಗಳು ಏನೂ ಆಗಿಲ್ಲವೆಂಬಂತೆ ಅಂಟಿಕೊಂಡು ಕೂತಿದ್ದವು. ಇದನ್ನೇ ಕಾಗದಕ್ಕೆ ಇಳಿಸಿ ಹನ್ನೊಂದು ಗಂಟೆಗೆ ತಮ್ಮ ಕೋಣೆಗೆ ತರಬೇಕೆಂದು ಮ್ಯಾನೇಜರು ನಿನ್ನೆ ಹೇಳಿಹೋಗಿದ್ದರು. "ಬೆಲ್ ಎಷ್ಟೊತ್ತಿಗೆ ಹೊಡೀತು ಅಂತ ಅದರಲ್ಲಿ ಇರುತ್ತಲ್ಲ, ಅಷ್ಟು ಸಾಕು," ಎಂದಿದ್ದರು. ಕಾವು ಮಿತಿ ಮೀರಿದರೆ ಹೊಡೆಯಬೇಕಾದ ಆ ಬೆಲ್ಲು ಹೊಡೆಯಿತೋ ಇಲ್ಲವೋ ಎಂದು ಅವರು ಕೇಳಿರಲಿಲ್ಲ. ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದ. ಹಾಗೆಂದು ನಿನ್ನೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಕಿಟಕಿಯಾಚೆ ಕೋಳಿಮರಿ ಮಾಡಿಸುವ ಹ್ಯಾಚರಿಯ ಅಂಗಳ. ಮೂರನೆಯ ಪೆಟ್ಟಿಗೆಯ ಟ್ರೇಗಳನ್ನು ಹೊರಗೆ ಪೇರಿಸಿ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಗಾಳಿಗೆ ಅದರ ಒಂದು ಮೂಲೆ ಏಳುತ್ತಿತ್ತು, ಬೀಳುತ್ತಿತ್ತು. ಹನ್ನೊಂದು ಸಾವಿರ ಮೊಟ್ಟೆ, ಇಪ್ಪತ್ತನೆಯ ದಿನದವು. ಮಾರನೆಯ ದಿನ ಮರಿಗಳು ಹೊರಬರಬೇಕಿತ್ತು. ಕೆಲವು ಆಗಲೇ ಸಿಪ್ಪೆಗೆ ತೂತು ಕೊರೆದಿದ್ದವು, ಆ ತೂತುಗಳಲ್ಲಿ ಕೊಕ್ಕುಗಳು ಹಾಗೇ ಸಿಕ್ಕಿಕೊಂಡಿದ್ದವು. ಪೆಟ್ಟಿಗೆಯ ಕಾವು ಅವನ್ನು ಕೊಂದದ್ದಲ್ಲ. ಆ ಹೊತ್ತಿಗೆ ಮರಿಯ ಮೈಯೇ ಬಿಸಿ ಹುಟ್ಟಿಸುತ್ತದೆ. ಅದನ್ನು ಹೊರಗೆ ತಳ್ಳಲು ಫ್ಯಾನು ಬೇಕು. ಫ್ಯಾನಿನ ಮೋಟಾರು ಸುಟ್ಟಿತು, ಒಂದರ ಬಿಸಿಯಲ್ಲಿ ಇನ್ನೊಂದು ಬೆಂದಿತು. ಇದನ್ನು ಅವನಿಗೆ ಹೇಳಿಕೊಟ್ಟವನು ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಮುದುಕ ಕಾವಜ್ಜ. ಇಲ್ಲಿ ಸೇರಿದ ಮೊದಲ ವಾರ ಅವನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಒಂದು ಮೊಟ್ಟೆ ತೆಗೆದು ಅವನ ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ, "ಗೊತ್ತಾಯ್ತಾ? ಇದು ಸರಿ ಇದೆ. ಇದಕ್ಕಿಂತ ಒಂದು ಚೂರು ಜಾಸ್ತಿ ಆದ್ರೆ ರೆಪ್ಪೆ ತಾನೇ ಹೇಳುತ್ತೆ. ಕೈ ಮೋಸ ಮಾಡುತ್ತಪ್ಪಾ, ರೆಪ್ಪೆ ಮಾಡಲ್ಲ," ಎಂದಿದ್ದ. ಅವನು ಆಗ ನಕ್ಕು ಕಣ್ಣೊರೆಸಿಕೊಂಡಿದ್ದ. ಮೊಟ್ಟೆಗೆ ಅಂಟಿದ್ದ ಹೊಟ್ಟು ಅವನ ಹುಬ್ಬಿಗೆ ಹತ್ತಿತ್ತು.

ಕಂಪ್ಯೂಟರಿನಲ್ಲಿ ಅವನ ಕೆಲಸವೆಲ್ಲ ನಡೆಯುವುದು ಒಂದು ಎಡಿಟರಿನೊಳಗೆ. ಮೂಲದಲ್ಲಿ ಅದು ಬರೆಯುವುದಕ್ಕೆ, ಬರೆದದ್ದನ್ನು ತಿದ್ದುವುದಕ್ಕೆ ಇರುವ ಸಲಕರಣೆ. ಆದರೆ ಅವನು ಅದರಿಂದ ಹೊರಗೆ ಬರುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ಪತ್ರಗಳು ಅಲ್ಲೇ, ವರದಿಗಳು ಅಲ್ಲೇ, ಕಂಪ್ಯೂಟರಿಗೆ ಅಪ್ಪಣೆ ಕೊಡುವ ಶೆಲ್ಲುಗಳೆಂಬ ಕಪ್ಪು ಕಿಟಕಿಗಳೂ ಅಲ್ಲೇ. ಒಂದರಲ್ಲಿ ವರದಿ ತಯಾರಾಗುತ್ತಿರುತ್ತದೆ, ಒಂದರಲ್ಲಿ ದಾಖಲೆಗಳ ನಕಲು ತೆಗೆಯುವ ಕೆಲಸ, ಒಂದರಲ್ಲಿ ಪೆಟ್ಟಿಗೆಗಳ ಕಾವನ್ನು ನಿಮಿಷಕ್ಕೊಮ್ಮೆ ಬರೆದಿಟ್ಟು, ಮಿತಿ ಮೀರಿದರೆ ಬೆಲ್ಲು ಬಾರಿಸುವ, ಕಾವು ಕಾಯುವ ಪ್ರೋಗ್ರಾಮು. ಅಪ್ಪಣೆ ಕೊಟ್ಟು ಹಿನ್ನೆಲೆಗೆ ತಳ್ಳಿಬಿಟ್ಟರೆ ಕಣ್ಣಿಗೆ ಕಾಣದಿದ್ದರೂ ಓಡುತ್ತಲೇ ಇರುತ್ತವೆ, ಒಲೆಯ ಮೇಲೆ ಹಾಲಿಟ್ಟು ಪಡಸಾಲೆಗೆ ಬಂದು ಕೂತ ಹಾಗೆ. ಆದರೆ ಅವೆಲ್ಲ ಆ ಎಡಿಟರಿನ ಸೂರಿನ ಕೆಳಗಿನವು. ಎಡಿಟರು ಮುಚ್ಚಿದರೆ ಸೂರು ಬಿದ್ದ ಹಾಗೆ, ಎಲ್ಲ ಸಾಯುತ್ತವೆ. ಕಾವು ಕಾಯುವಂಥ ಕೆಲಸವನ್ನು ಅಲ್ಲಿಡಬಾರದು, ಯಂತ್ರ ಎದ್ದೊಡನೆ ತಾನಾಗಿ ಏಳುವ ಹಾಗೆ ಯಂತ್ರಕ್ಕೇ ಒಪ್ಪಿಸಬೇಕು. ಅದು ಅವನಿಗೆ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ, ಪ್ರೋಗ್ರಾಮು ಬರೆದು ಮುಗಿಸಿದ ದಿನ, ಸದ್ಯಕ್ಕೆ ಇಲ್ಲಿರಲಿ, ನಾಳೆ ಸರಿಮಾಡಿದರಾಯಿತು ಎಂದುಕೊಂಡು ಅಲ್ಲೇ ಓಡಿಸಿದ್ದ. ಅರ್ಧ ಗಂಟೆಯ ಕೆಲಸ. ನಾಲ್ಕು ತಿಂಗಳಲ್ಲಿ ಅರ್ಧ ಗಂಟೆ ಸಿಕ್ಕಿರಲಿಲ್ಲ ಎಂದು ಯಾರಿಗೆ ಹೇಳುವುದು?

ಶನಿವಾರ ಅರ್ಧ ದಿನ. ತಿಂಗಳ ವರದಿಯ ಕಿಟಕಿ ಯಾಕೋ ಹಟ ಹಿಡಿದು ಒಂದೇ ಸಾಲನ್ನು ಮತ್ತೆಮತ್ತೆ ಉಗುಳುತ್ತಿತ್ತು. ಓಡುತ್ತಿರುವ ಕೆಲಸಗಳ ಪಟ್ಟಿ ತೆಗೆದು, ಯಾವುದೆಂದು ಗುರುತಿಸಿ, ಅದೊಂದನ್ನೇ ನಿಲ್ಲಿಸಬಹುದಿತ್ತು. ಪಟ್ಟಿಯಲ್ಲಿ ಯಾವುದಕ್ಕೂ ಹೆಸರಿರಲಿಲ್ಲ, ಶೆಲ್ ಒಂದು, ಎರಡು, ಮೂರು, ನಾಲ್ಕು ಎಂದಷ್ಟೇ ಇತ್ತು. ಹೆಸರಿಡುವ ಸೋಮಾರಿತನವೂ ಅವನದೇ. ಎಲ್ಲ ಮುಚ್ಚಿ ಹೊಸದಾಗಿ ತೆರೆದರಾಯಿತು ಎಂದು ಎಡಿಟರನ್ನೇ ಮುಚ್ಚಹೊರಟ. ಒಳಗೆ ಇನ್ನೂ ಓಡುತ್ತಿರುವ ಕೆಲಸಗಳಿವೆ, ಕೊಂದು ಹೊರಡಲೇ ಎಂದು ಅದು ಕೇಳಿತು. ಯಾವಾಗಲೂ ಕೇಳುತ್ತದೆ. ಸಲಾಮು ಹೊಡೆಯುವ ಕಾವಲುಗಾರನನ್ನು ನೋಡದೆ ಹಾದುಹೋಗುವವನ ಹಾಗೆ ಅವನು ಹೂಂ ಎಂದು ಒತ್ತಿದ. ಮತ್ತೆ ತೆರೆಯಲು ಕೈ ಇಟ್ಟಾಗಲೇ ಹೆಂಡತಿಯ ಫೋನು ಬಂದದ್ದು. "ಬಚ್ಚಲ ನಲ್ಲಿ ಕಿತ್ಕೊಂಡು ಕೈಗೆ ಬಂತು ಕಣ್ರೀ, ನೀರು ನಿಲ್ತಾ ಇಲ್ಲ, ಏನ್ ಮಾಡ್ಲಿ?" "ಹೊರಗಡೆ ಗೋಡೆ ಹತ್ರ ಒಂದು ತಿರುಗಣೆ ಇದೆ ನೋಡು." "ಯಾವ ಗೋಡೆ?" "ಅಯ್ಯೋ, ಮನೆಗೆ ಎಷ್ಟು ಗೋಡೆ ಇದಾವೆ?" "ನಾಲ್ಕಿವೆ. ನೀವೇ ಬಂದು ತೋರಿಸಿ." ಅವನು ನಗುತ್ತ ಎದ್ದ. ಮಾತಾಡುತ್ತಲೇ ಕೋಣೆ ದಾಟಿದ, ಮಾತಾಡುತ್ತಲೇ ಅಂಗಳ ದಾಟಿದ, ಟ್ರೇ ತೊಳೆಯುವ ಮನೆಯ ಬಾಗಿಲಲ್ಲಿ ನಿಂತಿದ್ದ ಕಾವಜ್ಜನಿಗೆ ಕೈ ಬೀಸಿದ. ಕಾವಜ್ಜನೂ ಬೀಸಿದ. ಹನ್ನೊಂದು ಸಾವಿರ ಜೀವ ಹೋಗುವುದಕ್ಕೆ ಒಂದು ದ್ವೇಷವಾದರೂ, ಒಂದು ಕುಡಿತವಾದರೂ ಕಾರಣವಾಗಿದ್ದರೆ ಎಷ್ಟೋ ವಾಸಿ ಇತ್ತು. ನಲ್ಲಿ. ನಗು.

ನಾಲ್ಕೂವರೆಯ ಹೊತ್ತಿಗೆ ಮ್ಯಾನೇಜರು ಕರೆಸಿದಾಗ ಅವನು ಮೊದಲು ಹೋದದ್ದು ಪೆಟ್ಟಿಗೆಗಳ ಬಳಿಗಲ್ಲ. ಅಂಗಳದಲ್ಲಿ ಜನ ಓಡಾಡುತ್ತಿದ್ದರು, ಕಾವಜ್ಜ ಎರಡು ಕೈಯಲ್ಲೂ ಮೊಟ್ಟೆ ಹಿಡಿದು ಯಾವುದನ್ನು ಕೆಳಗಿಡಬೇಕೆಂದು ತಿಳಿಯದೆ ನಿಂತಿದ್ದ. ಅವನು ತಲೆ ತಗ್ಗಿಸಿ ನೇರ ತನ್ನ ಕೋಣೆಗೆ ಬಂದು, ಎಡಿಟರು ತೆರೆದು, ಶೆಲ್ಲು ತೆರೆದು, ಕಾವು ಕಾಯುವ ಪ್ರೋಗ್ರಾಮನ್ನು ಓಡಿಸಿದ. ಮೂರು ಗಂಟೆಗೂ ಹೆಚ್ಚು ಹೊತ್ತು ಸತ್ತು ಬಿದ್ದದ್ದು ನಾಲ್ಕು ನಲವತ್ತಾರಕ್ಕೆ ಎದ್ದು, ಮೂರನೆಯ ಪೆಟ್ಟಿಗೆ ನಲವತ್ತೊಂದು ಎಂದು ಬರೆದು, ತೊಳೆಯುವ ಮನೆಯ ಬೆಲ್ಲು ಬಾರಿಸಲು ಹೊರಟಿತು. ಈಗ ಹೊಡೆದರೆ ಇಷ್ಟು ಹೊತ್ತು ಹೊಡೆದಿರಲಿಲ್ಲವೆಂದು ಗೊತ್ತಾಗುತ್ತದೆಂದು ಅವನು ಗಾಬರಿಯಿಂದ ಬೆಲ್ಲಿನ ಸಾಲನ್ನು ತಡೆದ. ಮೊದಲ ತಪ್ಪು ಮರೆವು. ಇದು ಮರೆವಲ್ಲ. ಇವೆರಡರ ನಡುವಿನ ಗೆರೆಯನ್ನು ತಾನು ಎಷ್ಟು ಸಲೀಸಾಗಿ ದಾಟಿದೆನೆಂದು ಅವನಿಗೆ ಹೊಳೆದದ್ದು ನಿನ್ನೆ, ಮ್ಯಾನೇಜರು ಬೆಲ್ಲನ್ನು ಪರೀಕ್ಷೆ ಮಾಡಿಸಿದಾಗ. ಬೆಲ್ಲು ಕಿವಿ ಒಡೆಯುವ ಹಾಗೆ ಹೊಡೆಯಿತು. "ಬೆಲ್ ಸರಿಯಾಗಿದೆ," ಎಂದರು ಮ್ಯಾನೇಜರು. ಕಾವಜ್ಜ ಗೋಡೆಯ ಮೇಲಿನ ಬೆಲ್ಲಿನ ತಟ್ಟೆಯನ್ನೇ ನೋಡುತ್ತಿದ್ದ. ಮ್ಯಾನೇಜರು ತಲೆಯಾಡಿಸಿದ ಮೇಲೆ ತಾನೂ ತಲೆಯಾಡಿಸಿದ.

ಬಾಗಿಲಲ್ಲಿ ನೆರಳಾಡಿತು. ಮರಿ ಸಾಗಿಸುವ ವ್ಯಾನಿನ ಡ್ರೈವರು, ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ ಒಳಗೆ ಇಣುಕಿದ. "ಏನ್ ಸಾರ್, ಇಷ್ಟೊತ್ತಿಗೇ ಬಂದು ಕಾವು ಕೂತುಬಿಟ್ಟಿದ್ದೀರಿ? ಎಷ್ಟು ಮರಿ ಎದ್ದವು?" ಅವನು ನಗಲಿಲ್ಲ. "ತಮಾಷೆ ಮಾಡ್ದೆ ಅಷ್ಟೇ. ನನ್ನ ಗಾಡಿ ನೋಡಿದ್ರಾ, ಎರಡು ದಿನದಿಂದ ಖಾಲಿ ನಿಂತಿದೆ. ಅಜ್ಜಂಗೆ ಕಿವಿ ಮಂದ ಆಗಿದೆ ಅಂತ ನಾನು ಹೋದ ವರ್ಷವೇ ಹೇಳಿದ್ದೆ, ಯಾರು ಕೇಳಿದ್ರು? ಗೇಟಲ್ಲಿ ಹಾರ್ನ್ ಹೊಡೆದ್ರೆ ಕೈ ಬೀಸ್ತಾನೆ ಮುದುಕ, ಗೇಟ್ ತೆಗೆಯಲ್ಲ! ನಾನೇನು ಮದುವೆ ಗಂಡಾ, ಕೈ ಬೀಸೋಕೆ?" ಡ್ರೈವರು ಹೋದ ಮೇಲೂ ಆ ಮಾತು ಕೋಣೆಯಲ್ಲಿ ಉಳಿಯಿತು. ಕಿವಿ ಮಂದ. ಹಾಗಾದರೆ ಶನಿವಾರ ಬೆಲ್ಲು ಹೊಡೆದಿದ್ದರೂ ಅಜ್ಜನಿಗೆ ಕೇಳಿಸುತ್ತಿರಲಿಲ್ಲವೇನೋ. ಹಾಗಾದರೆ ಮೊಟ್ಟೆಗಳು ಹೇಗೂ ಸಾಯುತ್ತಿದ್ದವೇನೋ. ಹಾಗಾದರೆ ತಾನು ಮುಚ್ಚಿದ್ದಕ್ಕೂ ಮುಚ್ಚದೇ ಇದ್ದಿದ್ದಕ್ಕೂ ಏನೂ ವ್ಯತ್ಯಾಸವಿಲ್ಲವೇನೋ. ಒಂದೊಂದು 'ಏನೋ' ಸೇರಿದಾಗಲೂ ಎದೆಯ ಮೇಲಿನ ಭಾರ ಒಂದು ತೂಕ ಇಳಿಯಿತು. ಬೆಲ್ಲು ಕೂರಿಸಿದ ದಿನ ಅಜ್ಜನ ಹೆಗಲ ಮೇಲೆ ಕೈಹಾಕಿ ತಾನೇ ಹೇಳಿರಲಿಲ್ಲವೇ, "ಇನ್ನು ಅರ್ಧರ್ಧ ಗಂಟೆಗೆ ಸುತ್ತು ಹೊಡೆಯೋದು ಬೇಡ ಅಜ್ಜ. ನಾಲ್ಕು ಗಂಟೆಗೆ ಒಂದ್ಸಲ ನೋಡಿದ್ರೆ ಸಾಕು. ಏನಾದ್ರೂ ಆದ್ರೆ ಅದೇ ಕರೆಯುತ್ತೆ." ಅಜ್ಜ ಅಂದು ಬೆಲ್ಲನ್ನೂ ಅವನನ್ನೂ ನೋಡಿ, "ಕರೆಯೋದು ಮರೆಯಲ್ಲ ತಾನೆ?" ಎಂದಿದ್ದ. "ಯಂತ್ರಕ್ಕೆ ಮರೆವು ಎಲ್ಲಿಂದ ಬರಬೇಕು?"

ಅವನು ಯಾವಾಗ ಶುರುಮಾಡಿದನೆಂಬುದು ಅವನಿಗೇ ತಿಳಿಯಲಿಲ್ಲ. ಹಿಂದಿನ ಶನಿವಾರದ ಅದೇ ಹೊತ್ತಿನ ಸಾಲುಗಳನ್ನು ನಕಲು ಮಾಡಿ ಎರಡು ಸಾಲುಗಳ ನಡುವೆ ಅಂಟಿಸಿದ್ದ, ಅಷ್ಟೇ. ಹೇಗೆ ಕಾಣುತ್ತದೆ ನೋಡೋಣ ಎಂದು. ಒಂದು ಮೂವತ್ತೈದರಿಂದ ನಾಲ್ಕು ನಲವತ್ತೈದರವರೆಗೆ ನೂರ ತೊಂಬತ್ತೊಂದು ಸಾಲು. ಕಂಡದ್ದು ಚೆನ್ನಾಗಿಯೇ ಕಂಡಿತು. ತಾರೀಖು ಬದಲಿಸಿದ. ಇನ್ನು ಮೂರನೆಯ ಪೆಟ್ಟಿಗೆಯ ಕಾವನ್ನು ಏರಿಸಬೇಕಿತ್ತು. ಫ್ಯಾನು ಎಷ್ಟೊತ್ತಿಗೆ ನಿಂತಿತೆಂದು ಲೋಕದಲ್ಲಿ ಯಾರಿಗೂ ತಿಳಿಯದು; ಅದನ್ನೂ ಅವನೇ ತೀರ್ಮಾನಿಸಬೇಕಾಯಿತು. ಎರಡು ಮೂವತ್ತೈದು ಎಂದುಕೊಂಡ. ಮೊದಲು ನಿಧಾನ, ಆಮೇಲೆ ಚುರುಕು. ಒಂದೇ ಸಮ ಏರಿಸಿದರೆ ಸುಳ್ಳೆಂದು ತಿಳಿಯುತ್ತದೆ, ನಿಜವಾದ ಕಾವು ಒಂದು ಹೆಜ್ಜೆ ಹಿಂದೆ ಸರಿದು ಎರಡು ಹೆಜ್ಜೆ ಮುಂದೆ ಹೋಗುತ್ತದೆ. ಮೂವತ್ತೆಂಟೂವರೆ ದಾಟಿದ ನಿಮಿಷ ಬೆಲ್ಲು. ನಿಲ್ಲದೆ ಹೊಡೆದರೆ ತಲೆ ಕೆಡುತ್ತದೆಂದು ಹತ್ತು ನಿಮಿಷಕ್ಕೊಮ್ಮೆ, ಮೂರೇ ಸಲ ಹೊಡೆಯುವಂತೆ ಅವನೇ ಮಾಡಿದ್ದ. ಎರಡು ಐವತ್ತೆರಡರ ಸಾಲಿನ ಕೊನೆಗೆ 'ಬೆಲ್' ಎಂದು ಬರೆದ. ಮೂರು ಎರಡಕ್ಕೆ ಒಂದು, ಮೂರು ಹನ್ನೆರಡಕ್ಕೆ ಒಂದು. ಪಕ್ಕದ ಪೆಟ್ಟಿಗೆಗಳಿಗೂ ಸ್ವಲ್ಪ ಬಿಸಿ ತಾಗಿರಬೇಕಲ್ಲ ಎಂದು ಎರಡಕ್ಕೂ ನಾಲ್ಕಕ್ಕೂ ಕಾಲುಕಾಲು ಡಿಗ್ರಿ ಏರಿಸಿದಾಗ, ತನ್ನ ಬಾಯಲ್ಲಿ ಒಂದು ಹಾಡಿನ ಗುನುಗು ಇರುವುದು ಅವನ ಗಮನಕ್ಕೆ ಬಂತು. ನಾಲ್ಕು ತಿಂಗಳಲ್ಲಿ ಇಷ್ಟು ಶ್ರದ್ಧೆಯಿಂದ ಅವನು ಈ ಪ್ರೋಗ್ರಾಮಿಗಾಗಿ ಏನನ್ನೂ ಮಾಡಿರಲಿಲ್ಲ. ಗುನುಗು ನಿಲ್ಲಿಸಿದ. ಎರಡು ಪ್ರತಿ ಅಚ್ಚು ಹಾಕಿಸಿ, ಒಂದನ್ನು ಮಡಿಚಿ ಜೇಬಿಗಿಟ್ಟುಕೊಂಡ.

ಮ್ಯಾನೇಜರ ಕೋಣೆಯಲ್ಲಿ ಕಾವಜ್ಜ ಆಗಲೇ ನಿಂತಿದ್ದ. "ಕೂತ್ಕೋ ಅಜ್ಜ," ಎಂದರೆ, "ಬೇಡ ಸ್ವಾಮಿ, ಬಟ್ಟೆ ಗಲೀಜು," ಎಂದ. ಬಟ್ಟೆ ಗಲೀಜಿರಲಿಲ್ಲ, ಒಗೆದ ಅಂಗಿ ಹಾಕಿ ಕೊರಳ ಗುಂಡಿಯವರೆಗೂ ಬಿಗಿದುಕೊಂಡು ಬಂದಿದ್ದ. ಮ್ಯಾನೇಜರು ಕಾಗದದ ಮೇಲೆ ಬೆರಳಾಡಿಸುತ್ತ ಬಂದು ಒಂದೆಡೆ ನಿಂತರು. ಅವರು ಕೆಟ್ಟ ಮನುಷ್ಯರಲ್ಲ. ಎರಡು ದಿನದಿಂದ ಅವರೂ ನಿದ್ದೆಗೆಟ್ಟಿದ್ದರು.

"ಎರಡು ಐವತ್ತೆರಡು, ಮೂರು ಎರಡು, ಮೂರು ಹನ್ನೆರಡು. ಮೂರು ಸಲ ಹೊಡೆದಿದೆ. ಎಲ್ಲಿದ್ದೆ ಅಜ್ಜ?"

"ತೊಳೆಯೋ ಮನೇಲೇ ಇದ್ದೆ."

"ಕೇಳಿಸ್ಲಿಲ್ವಾ?"

ಅಜ್ಜ ಮ್ಯಾನೇಜರ ತುಟಿಗಳನ್ನೇ ನೋಡುತ್ತಿದ್ದ. ಆಮೇಲೆ ಅವನ ಕಡೆ ಒಮ್ಮೆ ನೋಡಿದ. "ಕೇಳಿಸ್ತು ಸ್ವಾಮಿ," ಎಂದ.

ಅವನು ಅಜ್ಜನ ಕಡೆ ತಿರುಗಿದ.

"ಕೇಳಿಸ್ತು. ಕೈಲಿರೋ ಟ್ರೇ ತೊಳೆದು ಎದ್ದರಾಯ್ತು ಅಂದ್ಕೊಂಡೆ. ಹಿಂದೆಲ್ಲ ಸುಮ್‌ಸುಮ್ನೆ ಹೊಡೆದಿತ್ತಲ್ಲ, ಬಾಗಿಲು ತೆಗೆದಿಟ್ರೂ ಹೊಡೀತಿತ್ತು, ಹಂಗೇ ಇರ್ಬೇಕು ಅಂತ ಕೂತೆ. ನನ್ನ ಮೈಗಳ್ಳತನ. ಇಪ್ಪತ್ತೊಂಬತ್ತು ವರ್ಷದಲ್ಲಿ ಇದೊಂದು. ಹೊಟ್ಟೆಗೆ ಹಾಕ್ಕೊಳ್ಳಿ."

ಮುದುಕ ಯಾಕೆ ಹೀಗೆ ಹೇಳುತ್ತಿದ್ದಾನೆಂದು ಅವನಿಗೆ ತಟ್ಟನೆ ಅರ್ಥವಾಯಿತು. ಮೈಗಳ್ಳನನ್ನು ಬೈದು ಇಟ್ಟುಕೊಳ್ಳಬಹುದು. ಕಿವುಡನನ್ನು ಬೆಲ್ಲಿನ ಕೆಳಗೆ ಯಾರು ಇಟ್ಟುಕೊಳ್ಳುತ್ತಾರೆ? ಎರಡು ದಿನದಿಂದ ಗೇಟಿನ ಪಕ್ಕದ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಅಜ್ಜ ಈ ಮಾತನ್ನು ಜೋಡಿಸಿಕೊಂಡಿದ್ದ, ತಾನು ಬೆಳಿಗ್ಗೆ ಕೂತು ಸಾಲು ಜೋಡಿಸಿದ ಹಾಗೆಯೇ. ಆದರೆ ಮ್ಯಾನೇಜರ ಮುಖ ಬಿಗಿಯಿತು. "ಕೇಳಿಸ್ಲಿಲ್ಲ ಅಂದಿದ್ರೆ, ವಯಸ್ಸಾಯ್ತು ಅಂತ ಗೇಟಿಗಾದ್ರೂ ಹಾಕ್ತಿದ್ದೆ ಅಜ್ಜ. ನಾನೂ ಮನುಷ್ಯನೇ. ಕೇಳಿಯೂ ಏಳ್ಲಿಲ್ಲ ಅಂದ್ಮೇಲೆ ಮೇಲಿನವರಿಗೆ ನಾನು ಏನಂತ ಹೇಳ್ಲಿ?" ಹೇಳಿದ ಸುಳ್ಳನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅಜ್ಜ ಕೊರಳ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ. "ಸಂಜೆ ಒಳಗೆ ಕೋಣೆ ಖಾಲಿ ಮಾಡು," ಎಂದರು ಮ್ಯಾನೇಜರು, ಕಾಗದದ ಕಡೆ ನೋಡುತ್ತ.

"ಬೆಲ್ ಹೊಡೀಲಿಲ್ಲ ಸಾರ್."

ತನ್ನದೇ ದನಿ. ಇಷ್ಟು ಸಣ್ಣಗೆ ಇರುತ್ತದೆಂದು ಅವನು ತಿಳಿದಿರಲಿಲ್ಲ.

"ಏನಂದ್ರಿ?"

"ಶನಿವಾರ ಬೆಲ್ ಹೊಡೀಲೇ ಇಲ್ಲ. ಪ್ರೋಗ್ರಾಮು ಓಡ್ತಿರ್ಲಿಲ್ಲ. ಹೋಗೋವಾಗ ನಾನೇ ಮುಚ್ಚಿಹೋದೆ, ಮರೆತು."

ಮ್ಯಾನೇಜರು ಅವನನ್ನು ನೋಡಿದರು, ಕಾಗದ ನೋಡಿದರು, ಮತ್ತೆ ಅವನನ್ನು. "ಇದನ್ನು ಯಾರು ತಂದಿದ್ದು?" "ನಾನೇ." "ನಿಮಿಷ ನಿಮಿಷಕ್ಕೂ ಬರೆದಿದೆಯಲ್ರೀ. ಓಡದೇ ಇರೋದು ಇಷ್ಟುದ್ದ ಬರೆಯುತ್ತಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಉತ್ತರಿಸುವ ಮೊದಲೇ ಕಾವಜ್ಜ ಸಿಡಿದ: "ಏಯ್, ಸುಮ್ನಿರಪ್ಪಾ ನೀನು! ನನ್ನ ಮೇಲೆ ಕನಿಕರ ತೋರ್ಸೋಕೆ ನಾನೇನು ಬೇಡಿದ್ನಾ? ಮಕ್ಕಳೊಂದಿಗ, ನಂಗೋಸ್ಕರ ಸುಳ್ಳು ಹೇಳಿ ಅನ್ನ ಕಳ್ಕೊಳ್ತೀಯಾ? ಕೇಳಿಸ್ತು ಅಂದೆನಲ್ಲ, ಕೇಳಿಸ್ತು!"

ಇನ್ನೊಂದೇ ಮಾತು ಬಾಕಿ ಇತ್ತು. ಆ ಸಾಲುಗಳನ್ನು ಬೆಳಿಗ್ಗೆ ನಾನೇ ಬರೆದೆ. ಐದೇ ಶಬ್ದ. ನಾಲಗೆಯ ತುದಿಗೆ ಬಂದು ನಿಂತಿತ್ತು ಅದು. ಮರೆತೆ ಎಂದವನನ್ನು ಜನ ಬೈಯುತ್ತಾರೆ, ಬರೆದೆ ಎಂದವನನ್ನು? ನಾಳೆ ಬೆಳಿಗ್ಗೆ ಡ್ರೈವರು ಬಾಗಿಲಲ್ಲಿ ನಿಂತು ಕೀಲಿಕೈ ತಿರುಗಿಸುವುದು, ಹೆಂಡತಿ ಹೊಸ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತು ತಿರುಗಿ ನೋಡುವುದು, ಎಲ್ಲ ಒಂದು ಗಳಿಗೆಯಲ್ಲಿ ಕಂಡಿತು. ಮ್ಯಾನೇಜರು ಎದ್ದು ಬಂದು ಅವನ ಭುಜ ಮುಟ್ಟಿದರು. "ನಿಮ್ಮ ಮನಸ್ಸು ದೊಡ್ಡದು. ನಂಗೆ ಅರ್ಥ ಆಗುತ್ತೆ. ಕೂತ್ಕೊಳ್ಳಿ, ಟೀ ಕುಡೀರಿ." ಕುರ್ಚಿ ಹತ್ತಿರವೇ ಇತ್ತು. ಅವನು ಕೂತ. ಟೀ ಕುಡಿದ. ಅದು ಸಿಹಿಯಾಗಿತ್ತು.

ಹೊರಗೆ ಬಂದಾಗ ಕಾವಜ್ಜ ತನ್ನ ಕೋಣೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದ. ಖಾಲಿ ಮಾಡಲು ಒಳಗೆ ಹೆಚ್ಚೇನಿರಲಿಲ್ಲ. ಒಂದು ಟ್ರಂಕು, ಸುತ್ತಿದ ಹಾಸಿಗೆ. ಅವನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ. "ಬೇಜಾರು ಮಾಡ್ಕೋಬೇಡ, ಒಳಗೆ ಕೂಗಾಡಿಬಿಟ್ಟೆ," ಎಂದ. "ನಂಗೋಸ್ಕರ ಇಷ್ಟು ಮಾಡೋಕೆ ನನ್ನ ಸ್ವಂತ ಅಣ್ಣನ ಮಗನೂ ಬರ್ತಿರ್ಲಿಲ್ಲ." ಅವನು ಏನೋ ಅಂದ. ಅಜ್ಜ ಕಿವಿಗೆ ಕೈ ಅಡ್ಡ ಹಿಡಿದು ಬಾಗಿದ, ಆಮೇಲೆ ಕೈ ಬಿಟ್ಟ. "ಆ ಕಾಗದ ಇನ್ನೊಂದು ಇದೆಯಾ ನಿನ್ನ ಹತ್ರ?"

ಅವನು ಜೇಬಿನಿಂದ ತೆಗೆದು ಬಿಡಿಸಿದ.

"ಮೊದಲನೇ ಸಲ ಎಷ್ಟೊತ್ತಿಗೆ ಹೊಡೀತು, ಓದು."

"ಎರಡು ಐವತ್ತೆರಡು."

"ಗಟ್ಟಿಯಾಗಿ ಓದಪ್ಪಾ."

"ಎರಡು ಐವತ್ತೆರಡು!" ಅಂಗಳದ ಆಚೆ ಬದಿಯಲ್ಲಿ ಯಾರೋ ತಿರುಗಿ ನೋಡಿದರು.

ಅಜ್ಜ ಲೆಕ್ಕ ಹಾಕಿದ. "ಎರಡೂ ಮುಕ್ಕಾಲಿನ ಬಸ್ಸು ಹೋಯ್ತು. ಧೂಳು ಬರುತ್ತೆ ಅಂತ ನಾನು ಎದ್ದು ಕಿಟಕಿ ಹಾಕಿದೆ. ಕಿಟಕಿ ಇರೋದು ಬೆಲ್ಲಿನ ಕೆಳಗೇನೇ. ಹಾಕಿ, ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ನೀರು ಕುಡಿದೆ. ನಿದ್ದೆಯಲ್ಲ, ಏನಲ್ಲ. ಎಚ್ಚರವಾಗೇ ಇದ್ದೆ." ಕಲ್ಲಿನ ಮೇಲಿನ ಧೂಳು ಒರೆಸಿದ. "ಒಳಗೆ ಸುಳ್ಳು ಹೇಳ್ದೆ ಕಣಪ್ಪಾ. ಕೇಳಿಸ್ಲಿಲ್ಲ ನಂಗೆ. ನಿನ್ನೆ ಸಾಹೇಬ್ರು ಹೊಡೆಸಿದಾಗ ಕೇಳಿಸ್ತು, ದೂರದಲ್ಲೆಲ್ಲೋ ಹೊಡೆದ ಹಾಗೆ. ಮೊನ್ನೆ ಅಷ್ಟೂ ಇಲ್ಲ. ಬೆಲ್ ಹೊಡೆದ್ರೆ ಆ ಗೋಡೆ ಗಡಗಡ ಅನ್ನುತ್ತೆ, ನಾನು ಮುಟ್ಟಿ ನೋಡಿದ್ದೀನಿ. ಬೆನ್ನು ಗೋಡೆಗೇ ಇತ್ತಲ್ಲ, ಬೆನ್ನಿಗೂ ಗೊತ್ತಾಗ್ಲಿಲ್ಲ. ಕಿವಿ ಒಂದೇ ಅಲ್ಲ ಹಾಗಾದ್ರೆ." ಎರಡೂ ಅಂಗೈ ತಿರುಗಿಸಿ, ಯಾರದೋ ವಸ್ತುವನ್ನು ನೋಡುವಂತೆ ನೋಡಿಕೊಂಡ. "ಈ ಕಾಗದ ಇಲ್ದಿದ್ರೆ ನಿನ್ನ ಮಾತೇ ನಿಜ ಅಂದ್ಕೋತಿದ್ದೆ. ಬೆಲ್ ಹೊಡೀಲಿಲ್ಲ ಅಂದ್ಯಲ್ಲ, ಒಂದು ಗಳಿಗೆ ನಂಬಿಬಿಟ್ಟಿದ್ದೆ ಒಳಗೆ. ಎದೆ ಹಗುರಾಗಿಬಿಡ್ತು. ಕಾಗದ ಇದೆಯಲ್ಲ, ಏನ್ ಮಾಡೋದು. ಇನ್ನೆರಡು ಓದು."

ಅಜ್ಜ ಇನ್ನಷ್ಟು ಹತ್ತಿರ ಸರಿದು, ಒಳ್ಳೆಯ ಕಿವಿ ಯಾವುದೆಂದು ತಿಳಿಯದೆ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಅವನ ಬಾಯಿಯ ಕಡೆಗೆ ತಿರುಗಿಸಿದ.

"ಮೂರು ಎರಡು," ಎಂದು ಅವನು ಆ ಕಿವಿಯೊಳಗೆ ಕೂಗಿದ.

"ಇಲ್ಲ," ಎಂದ ಅಜ್ಜ. "ಆಗಲೂ ಇಲ್ಲ. ಹೂಂ, ಆಮೇಲೆ?"

"ಮೂರು ಹನ್ನೆರಡು."